ಎಣಿಕೆ

ಷೋರೂಮಿನ ಹುಡುಗ ಕಂಪ್ಯೂಟರಿಗೆ ಮುಖ ಕೊಟ್ಟೇ ಹೇಳಿದ:
ಒಂಬತ್ತು ಸಾವಿರದ ಎಂಟುನೂರು,
ಮೇಲೆ ತೆರಿಗೆ, ಮೇಲೆ ಹದಿನೈದು ದಿನ.
ಒಂದು ಕೀಲಿಗೆ!
ಅದೂ ರಬ್ಬರು ಗುಂಡಿ ತೂತಾಗಿ
ಒಳಗಿನ ಹಸಿರು ಹಲಗೆ ಇಣುಕಿತೆಂಬಷ್ಟಕ್ಕೆ.
ಪಟ್ಟಿ ಸುತ್ತಿ ನಾಲ್ಕು ತಿಂಗಳು ತಳ್ಳಿದೆ,
ಆಸ್ಪತ್ರೆಯದೇ ಪಟ್ಟಿ, ಬಿಳಿ, ಗಾಯಕ್ಕೆ ಸುತ್ತುವಂಥದು.

ಅರಿವಳಿಕೆ ವಿಭಾಗದ ತಾವ್ಡೆ ನೋಡಿ ನಕ್ಕ:
"ಸಿಸ್ಟರ್, ಡ್ರೆಸಿಂಗ್ ಸಾಲದು ಇದಕ್ಕೆ. ಕುರ್ಲಾಕ್ಕೆ ಹೋಗಿ.
ಸಿಎಸ್‌ಟಿ ರಸ್ತೆ, ಬಂಪರು ನೇತುಹಾಕಿದ ಸಾಲಿನಲ್ಲಿ
ಇಶ್ತಿಯಾಕನ ಗೂಡು."

ಗೂಡೇ ಸರಿ. ಎರಡು ಮೊಳದ ಹಲಗೆ,
ಮೊಳೆ ಮೊಳೆಗೂ ಇನ್ನೂ ಹಲ್ಲು ಮೂಡದ ಕೀಲಿಗಳು.
ಪಟ್ಟಿ ಬಿಚ್ಚಿದ, ಮೂಸಿದ: "ಸ್ಪಿರಿಟ್ಟು. ದವಾಖಾನೆಯವರಾ?"
ಬೆಳಕಿಗೆ ಹಿಡಿದು ತಿರುಗಿಸಿದ.
ಬೀಗ ತೆಗೆಯುವ ಗುಂಡಿ ಅಷ್ಟೇನೂ ಸವೆದಿರಲಿಲ್ಲ.
ಬೀಗ ಹಾಕುವ ಗುಂಡಿ ಹರಿದು ಚಿಂದಿ.
"ಮ್ಯಾಡಂ, ನೀವು ಹಾಕಿದ ಬೀಗವನ್ನೇ ಹಾಕುವವರು."
ನಾನು ಏನೂ ಅನ್ನಲಿಲ್ಲ.
ಚೆಂಬೂರಿನ ಮೂರನೇ ಮಹಡಿಯ ಕಿಟಕಿಯಿಂದ
ಮಲಗುವ ಮುನ್ನ ಒಮ್ಮೆ, ನೀರು ಕುಡಿಯಲು ಎದ್ದಾಗ ಒಮ್ಮೆ,
ಕೆಳಗಿನ ಕತ್ತಲಲ್ಲಿ ನನ್ನದೊಂದು ಕಿತ್ತಳೆ ಕಣ್ಣು ಮಿಟುಕುವುದನ್ನು
ಇವನಿಗೆ ಯಾರು ಹೇಳಿದರು?

"ಒಳಗಿರೋದು ಗಟ್ಟಿಯಾಗಿದೆ. ಕವಚ ಬದಲಿಸಿದರೆ ಸಾಕು.
ಕವಚ, ಸೆಲ್ಲು, ಹಲ್ಲು ಕೊರೆಯೋದು ಸೇರಿ ಐನೂರೈವತ್ತು."
"ನಾನೂರು."
"ಬಾಂದ್ರಾದಲ್ಲಿ ಎರಡು ಸಾವಿರ ತಗೋತಾರೆ."
"ನಾನು ಬಾಂದ್ರಾದವಳಾ?"
ನಾನೂರೈವತ್ತಕ್ಕೆ ನಿಂತಿತು. ಬ್ಲೇಡು ಎತ್ತಿಕೊಂಡ.

ಬಲ್ಲೆ ನಾನು ಇಂಥ ಕೈಗಳನ್ನು.
ಹತ್ತೊಂಬತ್ತು ವರ್ಷ ಆಪರೇಷನ್ ಟೇಬಲ್ಲಿನ ಪಕ್ಕ ನಿಂತು
ಕೇಳುವ ಮೊದಲೇ ಕತ್ತರಿ ಕೊಟ್ಟವಳು.
ಸೀಳು ನೇರ ಬಂತು. ಹಲಗೆ ಹೊರಗೆ, ಸೆಲ್ಲು ಹೊರಗೆ,
ಕೊನೆಗೆ ಮೂಲೆಯಿಂದೊಂದು ಕರಿ ಕಾಳು,
ಅಕ್ಕಿಗಿಂತ ತುಸು ದಪ್ಪ.
"ಇದಿಲ್ಲದಿದ್ದರೂ ಬಾಗಿಲು ತೆರೆಯುತ್ತೆ.
ಇಂಜಿನ್ನು ಮಾತ್ರ ನಿಮ್ಮನ್ನ ಗುರುತಿಸಲ್ಲ"
ಅನ್ನುತ್ತಲೇ ಚಿಮುಟ ಜಾರಿತು.

ಟಿಕ್ ಎಂದೂ ಅನ್ನಲಿಲ್ಲ.
ಸುಟ್ಟ ಆಯಿಲು, ಬೀಡಿಮೋಟು, ಅನಾಥ ವಾಷರುಗಳ ನಡುವೆ ಎಲ್ಲೋ
ನನ್ನ ಕಾರಿನ ನೆನಪು ಬಿದ್ದಿತ್ತು.
ಕಂತು ಇನ್ನೂ ಇಪ್ಪತ್ತೆರಡು ಬಾಕಿ.

"ಯಾರೂ ಅಲ್ಲಾಡಬೇಡಿ!"
ಕೂಗಿದ್ದು ನಾನೇ, ಕನ್ನಡದಲ್ಲಿ.
ಆದರೂ ನಿಂತರು:
ಸೈಲೆನ್ಸರು ಹೊತ್ತವನು, ಸೀಟುಕವರಿನವನು,
ಚಹಾ ತಂದ ಫುರ್ಕಾನ್ ಒಂದು ಕಾಲೆತ್ತಿ, ಕೊಕ್ಕರೆಯಂತೆ.

ಎಣಿಕೆ ತಾಳೆಯಾಗದೆ ಹೊಟ್ಟೆ ಹೊಲಿಯುವಂತಿಲ್ಲ.
ಒಮ್ಮೆ ಒಂದು ತುಂಡು ಬಟ್ಟೆಗಾಗಿ
ದೊಡ್ಡ ಡಾಕ್ಟರನ್ನೇ ನಲವತ್ತು ನಿಮಿಷ ನಿಲ್ಲಿಸಿದ್ದೆ.
ಬೈದ. ಸಿಕ್ಕ ಮೇಲೆ ಬೈಯಲಿಲ್ಲ, ಬೇರೇನೂ ಹೇಳಲಿಲ್ಲ.
ದುಪಟ್ಟಾ ಸೊಂಟಕ್ಕೆ ಬಿಗಿದು ಮಂಡಿಯೂರಿದೆ.
ಗೇಣು ಗೇಣಾಗಿ ಕುರ್ಲಾದ ನೆಲ ಓದಿದೆ.
ಹಿಂದೆ ರಿಕ್ಷಾಗಳು ಬೊಬ್ಬೆ ಹೊಡೆಯುತ್ತಿದ್ದವು.

ಸಿಕ್ಕಿತು.
ಫುರ್ಕಾನ್ ಎತ್ತಿ ಹಿಡಿದ ಚಪ್ಪಲಿಯ ಅಡಿಗೆ,
ಯಾರೋ ಉಗಿದ ಗಮ್ಮಿನಲ್ಲಿ ಅಂಟಿ.
"ಚಿಮುಟ" ಎಂದು ಕೈ ಚಾಚಿದೆ, ಕಣ್ಣು ಕದಲಿಸದೆ.
ಇಶ್ತಿಯಾಕ್ ಅಂಗೈಗೆ ಇಟ್ಟ.
ಹತ್ತೊಂಬತ್ತು ವರ್ಷಕ್ಕೆ ಮೊದಲ ಸಲ
ನಾನು ಕೇಳಿದೆ, ಇನ್ನೊಬ್ಬರು ಕೊಟ್ಟರು.

ರಸ್ತೆಯಾಚೆ ಕಾರು ಕುಂಯ್ ಅಂದಿತು. ಇಂಜಿನ್ನೂ ಹಿಡಿಯಿತು.
ಹೊಸ ಕವಚದ ಮೇಲೆ ಕಂಪನಿಯ ಗುರುತಿಲ್ಲ, ಬೋಳು.
ಐನೂರರ ನೋಟು ಕೊಟ್ಟು, ಉಳಿದದ್ದು ಹುಡುಗನ ಚಪ್ಪಲಿಗೆ ಅಂದೆ.
"ಐವತ್ತಕ್ಕೆ ಒಂದೇ ಕಾಲಿನದು ಬರುತ್ತೆ" ಅಂದ ಫುರ್ಕಾನ್.
ಇಶ್ತಿಯಾಕ್ ಕೀಲಿಯನ್ನು ಅಂಗಿಗೆ ಒರೆಸಿ ಕೊಟ್ಟ:
"ರಬ್ಬರು ಗಟ್ಟಿ ಇದೆ ಮ್ಯಾಡಂ. ಒಂದು ಸಲ ಸಾಕು."

ರಾತ್ರಿ ಕಿಟಕಿಯಿಂದ ಒತ್ತಿದೆ.
ಕಿತ್ತಳೆ ಕಣ್ಣು.
ಅಡುಗೆಮನೆಗೆ ಹೋಗಿ ಗ್ಯಾಸು ನೋಡಿ ಬಂದೆ.
ಮತ್ತೆ ಒತ್ತಿದೆ.