ಏನೂ ಇಲ್ಲ

ಡೊಂಬಿವಿಲಿಯಿಂದ ಮಸ್ಜಿದ್ ಬಂದರಿನವರೆಗೆ
ಯಾವ ಸ್ಟೇಷನ್ನಿನ ಯಾವ ತುದಿಗೆ ಹೆಂಗಸರ ಶೌಚಾಲಯ,
ಯಾವುದಕ್ಕೆ ಚಿಲಕವಿಲ್ಲ,
ಯಾವುದರ ನಲ್ಲಿ ಹನ್ನೊಂದರ ಮೇಲೆ ಒಣಗುತ್ತದೆ,
ನನ್ನನ್ನು ಕೇಳಿ.
ಊರಿನವರು ಮುಂಬಯಿಯನ್ನು
ಹೋಟೆಲಿನಿಂದ ಹೋಟೆಲಿಗೆ ಕಲಿತರು.
ನಾನು ಹೀಗೆ ಕಲಿತೆ.

ಮೊದಲು ಬಂದದ್ದು ನೋವು. ಭುಜದಲ್ಲಿ,
ಒದ್ದೆ ಚಾದರ ಹಿಂಡುವಾಗ.
ಆಮೇಲೆ ಸೊಂಟಕ್ಕೆ, ಆಮೇಲೆ
ವಿಳಾಸವನ್ನೇ ಹೇಳದೆ ಎಲ್ಲ ಕಡೆಗೆ.
ಅದರ ಬೆನ್ನಿಗೇ ಹೊಟ್ಟೆ:
ಮೂರು ದಿನ ಬೀಗ, ನಾಲ್ಕನೆಯ ಬೆಳಿಗ್ಗೆ
ಮುಂಬ್ರಾ ಸುರಂಗದ ನಡುವೆ ನೆರೆ.
ಕೊನೆಗೆ ಒಂದು ಬೇಸರ,
ಪಗಡಿ ಮನೆಯ ಹಳೇ ಬಾಡಿಗೆದಾರನ ಹಾಗೆ,
ಏಳೆಂದರೆ ಏಳದ್ದು.

ಘಾಟ್ಕೋಪರಿನ ಡಾಕ್ಟರು ಫೈಲು ಮಗುಚಿ
'ಏನೂ ಇಲ್ಲ' ಅಂದರು, ಖುಷಿಯಿಂದಲೇ.
ಆ ಏನೂ ಇಲ್ಲವನ್ನು ಎತ್ತಿಕೊಂಡು
ಸೇತುವೆಯ ನಲವತ್ತೆರಡು ಮೆಟ್ಟಿಲು ಹತ್ತಿದೆ.

ನಿನ್ನೆ ಕುಕ್ಕರಿನ ರಬ್ಬರು ಸಿಗಲಿಲ್ಲವೆಂದು
ದೇಜಪ್ಪನವರಿಗೆ ಹದಿನಾರು ವರ್ಷದ ಲೆಕ್ಕ ಒಪ್ಪಿಸಿದೆ.
ನೋಡಿದರೆ ರಬ್ಬರು ನನ್ನ ಕೈಯಲ್ಲೇ, ಬಳೆಯ ಹಾಗೆ.
ಅವರು ನಗಲಿಲ್ಲ.
ಅದಕ್ಕೇ ಅಳು ಬಂತು.

ಹೊಟ್ಟೆಗೆ ಹಾಕ್ಕೋ ವಾರಿಜಾ, ಅನ್ನುತ್ತಿದ್ದಳು ಅಮ್ಮ,
ಯಾರು ಏನು ಆಡಿದರೂ.
ಹಾಕಿಕೊಂಡೆ. ನಾದಿನಿಯ ಮಾತು, ಶೇಟನ ಕಣ್ಣು,
ಸತ್ತೇ ಹುಟ್ಟಿದ ಕೂಸಿಗೆ ಯಾರೂ ಇಡದ ಹೆಸರು.
ಈಗ ಗಂಜಿಗೂ ಅಲ್ಲಿ ಜಾಗವಿಲ್ಲ.
ಹಾಗೇನಿಲ್ಲದಿರಬಹುದು; ಗುಳಿಗೆಯದೂ ಪಾಲಿದೆಯಂತೆ.
ನೋವಿಗೆ ನುಂಗಿದ್ದು ಕರುಳು ಕಟ್ಟುತ್ತದೆ,
ಕರುಳಿಗೆ ನುಂಗಿದ್ದು ನಿದ್ದೆ ಕದಿಯುತ್ತದೆ,
ನಿದ್ದೆಗೆಟ್ಟ ಮೈ ಮತ್ತೆ ಭುಜದಿಂದ ಶುರು.

ಠಾಣೆಯಲ್ಲಿ ಹೌಸಾಬಾಯಿ, ನಾಣ್ಯ ಎಣಿಸುವವಳು.
ನನ್ನ ಮುಖ ಕಂಡರೆ ಸಾಲನ್ನೇ ಬದಿಗೆ ಸರಿಸುತ್ತಾಳೆ:
'ಹಿಲಾ ಆಧೀ ಜಾವೂ ದ್ಯಾ.'
ಯಾರೂ ಎದುರಾಡುವುದಿಲ್ಲ.
ಇವತ್ತು ಹೊರಬಂದಾಗ ನನ್ನಲ್ಲಿ ಚಿಲ್ಲರೆ ಇರಲಿಲ್ಲ.
ನಾಳೆ ಕೊಡು ಅಂದಳು.
ತನ್ನ ಸ್ಟೂಲು ನನ್ನತ್ತ ನೂಕಿ
ಬೋರಲು ಬಕೇಟಿನ ಮೇಲೆ ಕೂತಳು,
ಕೂರುವಾಗ ಅವಳೂ ಮೊಣಕಾಲು ಹಿಡಿದದ್ದು ಕಂಡೆ.

ಎಲ್ಲಿ ನೋಯುತ್ತದೆ, ಕೇಳಿದಳು.
ಎರಡು ಲೋಕಲ್ ಹೋದವು.
ಮೂರನೆಯದು ಬಂದು ನಿಂತಾಗ
ನಾನಿನ್ನೂ ಭುಜದ ಬಗ್ಗೆಯೇ ಹೇಳುತ್ತಿದ್ದೆ.