ಶೂನ್ಯ ಟಿಕೆಟ್ಟು

ಹೊಸನಗರ ಸ್ಟ್ಯಾಂಡಿನಲ್ಲಿ ಇಪ್ಪತ್ತೈದು ನಿಮಿಷ.
ಫಕೀರಪ್ಪ ಟೈರಿಗೆ ಒದ್ದು ನೋಡಿ ಚಾಕ್ಕೆ ಹೋದ.
ಹಿಂದಿನ ಸೀಟಿನಲ್ಲಿ ಚಿಲ್ಲರೆ ಎಣಿಸಿಟ್ಟು
ಫೋನು ತೆಗೆದರೆ
ಮೂರು ಕಾಲೇಜು ನನಗಾಗಿ ಕಾದು ಕೂತಿವೆ.

ಮೊದಲನೆಯದಕ್ಕೆ ಕಟ್ಟಡವೇ ಇಲ್ಲ,
ಆದರೂ ಚಿತ್ರದಲ್ಲಿ ಹುಲ್ಲಿದೆ,
ಹುಲ್ಲಿನ ಮೇಲೊಬ್ಬ ಹುಡುಗಿ,
ಧೂಳು ಕಂಡೇ ಇರದ ಅವಳ ಕೂದಲು.
ಎರಡನೆಯದು ಮೂರು ತಿಂಗಳು ಪುಕ್ಕಟೆ ಅನ್ನುತ್ತದೆ.
ಮೂರನೆಯದರ ಪುಟ ತೆರೆಯುವಷ್ಟರಲ್ಲಿ
ಒಂದು ಪೊಟ್ಟಣ ಶೇಂಗಾ ಮುಗಿಯಿತು.

ಪುಕ್ಕಟೆಯ ವಿಷಯ ನನಗೆ ಹೇಳಬೇಡಿ.
ದಿನಕ್ಕೆ ಇನ್ನೂರು ಶೂನ್ಯ ಟಿಕೆಟ್ಟು ಹರಿಯುವವಳು ನಾನು.
ದುಡ್ಡಿಲ್ಲ ಅಂತ ತಲೆಲೆಕ್ಕ ತಪ್ಪುವಂತಿಲ್ಲ;
ಸೂಡೂರು ಗೇಟಿನಲ್ಲಿ ಚೆಕಿಂಗಿನವರು ಹತ್ತಿದರೆ
ನಿದ್ದೆ ಹೋದ ಒಬ್ಬ ಅಜ್ಜಿ ಸಾಕು
ನನಗೆ ಮೆಮೋ ಬರಲು.

ಕರೆ ಬಂತು. "ಹೇಮಾಲಿ ಮೇಡಂ?"
ಹೇಮ್ಲಿಬಾಯಿ, ಅಂದೆ.
"ನಿಮ್ಮ ಕನಸೇನು ಮೇಡಂ?"
ಕನಸೇನಿಲ್ಲಪ್ಪ, ಬಿ.ಕಾಂ. ಬೇಕು.
"ಇವತ್ತೇ ಕಟ್ಟಿದರೆ ನಲವತ್ತು ಪರ್ಸೆಂಟು ಕಡಿಮೆ,
ಸಂಜೆ ಆರಕ್ಕೆ ಬಾಗಿಲು ಹಾಕ್ತೀವಿ."
ಕಟ್ಟಡವಿಲ್ಲದ್ದಕ್ಕೆ ಎಂಥ ಬಾಗಿಲೋ!

ಒಂದೇ ಕೇಳಿದೆ:
ನಾನು ಒಂದಿನ ಕ್ಲಾಸಿಗೆ ಬರದಿದ್ದರೆ ಯಾರಿಗೆ ಗೊತ್ತಾಗುತ್ತೆ?
ಹುಡುಗ ತುಸು ತಡೆದ.
"ರೆಕಾರ್ಡಿಂಗ್ ಇರುತ್ತೆ ಮೇಡಂ. ಯಾರೂ ಏನೂ ಕೇಳಲ್ಲ."
ಪಾಪ, ಅದನ್ನವನು ಅನುಕೂಲ ಅಂತಲೇ ಹೇಳಿದ್ದು.

ಏಳನೇ ಕ್ಲಾಸಿನಲ್ಲಿ
ತಾಂಡಾಕ್ಕೆ ತಾಂಡಾವೇ ಕಬ್ಬು ಕಡಿಯಲು ಹೊರಟಾಗ ನಾನೂ ಹೋಗಿದ್ದೆ.
ಎರಡು ತಿಂಗಳು ಕಳೆದು ಕುಂಸಿ ಶಾಲೆಗೆ ಬಂದರೆ
ಹಾಜರಿ ಪುಸ್ತಕದಲ್ಲಿ ನನ್ನ ಹೆಸರಿನ ಮುಂದೆ
ಕೆಂಪು ಗೀಟು, ಕೆಂಪು ಗೀಟು, ಕೆಂಪು ಗೀಟು,
ಒಂದು ದಿನವೂ ಬಿಟ್ಟಿರಲಿಲ್ಲ ಮೇಷ್ಟ್ರು.
ಬೆತ್ತದೇಟು ಮರೆತೇಹೋಗಿದೆ.
ಆ ಗೀಟುಗಳು ನೆನಪಿವೆ:
ದಿನಾ ಬೆಳಿಗ್ಗೆ ನನ್ನ ಹೆಸರು ಕೂಗಿ
ನಾನಿಲ್ಲದ್ದನ್ನು ಯಾರೋ ಬರೆದಿಟ್ಟಿದ್ದರು.

"ಏನವ್ವಾ, ಹೆಣ್ಣು ನೋಡಿದಂಗ ಕಾಲೇಜ ನೋಡಾಕತ್ತಿ!"
ಫಕೀರಪ್ಪ ಸೀಟು ಹತ್ತಿದ. ನಾನು ರೈಟ್ ಹೇಳಿದೆ.

ಎರಡನೆಯ ಕಾಲೇಜಿನಲ್ಲಿ ಯಂತ್ರ ಮಾತಾಡಿತು.
ಇಂಗ್ಲಿಷಿಗೆ ಒಂದು ಒತ್ತಿ, ಕನ್ನಡಕ್ಕೆ ನಾಲ್ಕು ಒತ್ತಿ;
ನಾಲ್ಕು ಒತ್ತಿದರೆ ಸಂಗೀತ.

ಮೂರನೆಯದು ರಿಪ್ಪನ್‌ಪೇಟೆಯ ನೂಕುನುಗ್ಗಲಲ್ಲಿ ತಾನೇ ಫೋನು ಮಾಡಿತು.
ಹೆಂಗಸಿನ ದನಿ, ನೆಗಡಿ ಹಿಡಿದದ್ದು.
"ವಾರಕ್ಕೆ ನಾಲ್ಕು ರಾತ್ರಿ, ಎಂಟಕ್ಕೆ. ಹೆಸರು ಕೂಗ್ತೀನಿ.
ಎರಡು ಸಲ ತಪ್ಪಿಸಿದ್ರೆ ಫೋನ್ ಮಾಡಿ ಬಯ್ತೀನಿ.
ನೆಟ್‌ವರ್ಕ್ ಕತೆ ಹೇಳ್ಬೇಡಿ, ನಮ್ಮನೇಲೂ ಅಷ್ಟಕ್ಕಷ್ಟೇ."
ಫೀಸಿನಲ್ಲಿ ಒಂದು ರೂಪಾಯಿ ಬಿಡಲಿಲ್ಲ ಮಾರಾಯ್ತಿ.

ಡಿಪೋದ ಗುಮಾಸ್ತ ಮುಕುಂದರಾಯರು ಕನ್ನಡಕ ಹಣೆಗೇರಿಸಿ
ಬಯ್ಯೋದು ಆಮೇಲೆ, ಮಾನ್ಯತೆ ಉಂಟಾ ನೋಡು, ಅಂದರು.
ಸರ್ಕಾರದ ಪಟ್ಟಿಯಲ್ಲಿ ಬೆರಳಿಟ್ಟು ಹುಡುಕಿದೆವು.
ಇತ್ತು, ಎಪ್ಪತ್ತನೇ ಸಾಲಿನ ಆಚೆ.

ಮೊದಲ ರಾತ್ರಿ. ಗೋಪಾಳದ ಬಾಡಿಗೆ ಕೋಣೆ.
ಅಕ್ಕಿ ಡಬ್ಬಕ್ಕೆ ಒರಗಿಸಿಟ್ಟ ಫೋನು,
ಅದರೊಳಗೆ ಅಂಚೆಚೀಟಿಯಷ್ಟಷ್ಟು ಮುಖಗಳು.
ಒಬ್ಬಾಕೆಯ ಹಿಂದೆ ತೊಟ್ಟಿಲು ತೂಗುತ್ತಿತ್ತು.
ಒಬ್ಬ ಇನ್ನೂ ಹೆಲ್ಮೆಟ್ ತೆಗೆದಿರಲಿಲ್ಲ.

"ಹೇಮ್ಲಿಬಾಯಿ."
ಇದ್ದೀನಿ, ಅಂದೆ.
"ಹೇಮ್ಲಿಬಾಯಿ?"
ಇದ್ದೀನಿ ಮೇಡಂ! ಕಿರುಚಿದೆ. ಪಕ್ಕದ ಮನೆಯ ನಾಯಿ ಬೊಗಳಿತು.
ಆಗ ಕಂಡಿತು,
ಮೈಕಿನ ಚಿತ್ರದ ಮೇಲೆ ಅಡ್ಡಕ್ಕೆ
ಒಂದು ಕೆಂಪು ಗೀಟು.

ಒತ್ತಿದೆ. ಹೋಯಿತು.
ಗಾಬರಿಗೆ ಬಾಯಲ್ಲಿ ಬಂದದ್ದು
"ರೈಟ್, ರೈಟ್."

ಆ ಕಡೆ ಒಂದು ಸೀನು.
ಆಮೇಲೆ ಮುಂದಿನ ಹೆಸರು.