ಗಾಳಿಗಣ್ಣು

ದಿವಾಡಿಯ ಎರ್ಮೆಲಿಂದಾ ಬಾಯಿಯ ಮನೆಗೆ
ಚಿಪ್ಪು ಕೂಡಿಸಲು ಹೋಗಿದ್ದೆ. ಹನ್ನೊಂದು ಕಿಟಕಿ,
ಒಂದೊಂದಕ್ಕೆ ಎಪ್ಪತ್ತೆರಡು ಮನೆ.
ಗಾಜಲ್ಲ, ಸಮುದ್ರದ ಚಿಪ್ಪು, ಹಪ್ಪಳದಷ್ಟು ತೆಳು:
ಬೆಳಕನ್ನು ಬಿಡುತ್ತದೆ, ನೋಟವನ್ನು ಬಿಡುವುದಿಲ್ಲ,
ಪೊರೆ ಬಂದ ಕಣ್ಣಿನ ಹಾಗೆ.

ಬಾಡಿಗೆಗಿದ್ದ ನಾರ್ವೆಯ ಗುನ್‌ವೋರ್
ಚಹಾ ಹಿಡಿದು ಬಂದು ನಿಂತಳು.
ಇದಕ್ಕೇನೆನ್ನುತ್ತೀ, ಎಂದಳು ಮುರುಕು ಹಿಂದಿಯಲ್ಲಿ.
ಬಾಯಿ ಒಳಗಿಂದಲೇ: ಜನೆಲ್!
ನಾನು: ಕಿಟಕಿ.
ಅವಳು: ವಿಂದೌಗೆ.

ಕೊನೆಯ ಆ 'ಗೆ' ಕಿವಿಯಲ್ಲಿ ಸಿಕ್ಕಿಕೊಂಡಿತು.
ಮನೆಗೆ, ಊರಿಗೆ, ಅವ್ವನಿಗೆ ಅನ್ನುವ ಗೆ.
ಯಾರಿಗೆ, ಎಂದೆ.
ಯಾರಿಗೂ ಅಲ್ಲ. ವಿಂದ್ ಅಂದರೆ ಗಾಳಿ,
ಔಗೆ ಅಂದರೆ ಕಣ್ಣು.
ಗಾಜು ಕಾಣದ ಕಾಲದಲ್ಲಿ ಅವರ ಮನೆಗಳಿಗೆ
ಮಾಡಿನಲ್ಲೊಂದು ತೂತು, ಹೊಗೆ ಹೋಗಲು.
ಹೊಗೆ ಹೋಗುವಾಗ ಗಾಳಿ ಬಗ್ಗಿ ನೋಡುತ್ತಿತ್ತಂತೆ,
ಯಾರು ಉಂಡರು, ಯಾರು ಉಪವಾಸ.
ಪೇಟೆಯವರ ಬಾಯಲ್ಲಿ ಸವೆದು ಈಗ ಬರೀ ವಿಂದು.
ಗಾಳಿ ಉಳಿದಿದೆ, ಕಣ್ಣು ಹೋಗಿದೆ.

ಉಳಿ ಕೆಳಗಿಟ್ಟೆ.
ನರಗುಂದದ ನಮ್ಮ ಮಣ್ಣಿನ ಮಾಳಿಗೆಗೂ ಒಂದು ತೂತಿತ್ತು,
ಬೆಳಕಿಂಡಿ.
ಬೆಳಕು ಕಿಂಡಿಯೊಳಗೆ ತೂರುವಾಗ
ಇಕ್ಕಟ್ಟಿಗೆ ಒಂದು 'ಕು' ಹೊರಗೇ ಉಳಿಯಿತು.
ಹನಿ ಬಿದ್ದರೆ ಯಾರಾದರೂ ಮೇಲಕ್ಕೆ ಓಡಿ
ಪರಾತ ಬೋರಲು ಹಾಕಬೇಕು.
ಆ ಯಾರಾದರೂ ಯಾವಾಗಲೂ ನಾನೇ.
ಮಧ್ಯಾಹ್ನ ಅದರಿಂದ ಬಿಸಿಲಿನ ರೊಟ್ಟಿಯೊಂದು
ನೆಲಕ್ಕೆ ಬಿದ್ದು ಗೋಡೆಯತ್ತ ತೆವಳುತ್ತಿತ್ತು.
ಅವ್ವ ಅದನ್ನು ನೋಡಿ ಹೊತ್ತು ಹೇಳುತ್ತಿದ್ದಳು.

ನಮ್ಮ ಮಾತಲ್ಲಿ ಕೂಡಿಸಿ ನೋಡಿದೆ: ಗಾಳಿ, ಕಣ್ಣು.
ಕ ಒರಟು, ಹೊಸ ಚಿಪ್ಪಿನ ಅಂಚು,
ಸಂದಿಗೆ ಕೂರುವುದಿಲ್ಲ.
ಉಜ್ಜಿದೆ. ಗ ಆಯಿತು.
ಗಾಳಿಗಣ್ಣು.
ಅವ್ವ ಕೇಳಿದ್ದರೆ ಥೂ ಎಂದು
ಉಪ್ಪು ಮೆಣಸಿನಕಾಯಿ ನಿವಾಳಿಸುತ್ತಿದ್ದಳು:
ಗಾಳಿ ಸೋಂಕಿದ್ದ ಸಾಕಾಗೇತಿ,
ಅದಕ್ಕ ಕಣ್ಣ ಬ್ಯಾರೆ ಕೊಟ್ರ್ಯಾ!

ನನ್ನಷ್ಟಕ್ಕೆ ನಕ್ಕೆ.
ಗುನ್‌ವೋರ್ ಕೂಡ ನಕ್ಕಳು, ಯಾಕೆಂದು ಕೇಳದೆ.

ಸಂಜೆಗೆ ಏಳನೆಯ ಕಿಟಕಿ ಮುಗಿಯುತ್ತ ಬಂತು,
ಒಂದೇ ಒಂದು ಮನೆಗೆ ಚಿಪ್ಪು ಸಾಲಲಿಲ್ಲ.
ನಾಳೆ ಮೊದಲ ಫೆರಿಗೆ ತರುತ್ತೇನೆಂದು ಬಾಯಿಗೆ ಹೇಳಿ
ಏಣಿ ಇಳಿದೆ.
ಹೊಳೆಯ ಕಡೆಯಿಂದ ಏನೋ ಬಂದು
ಆ ತೂತಿಗೆ ಮುಖವಿಟ್ಟು
ಅಡುಗೆಮನೆಯಲ್ಲಿ ಇವತ್ತು ಯಾವ ಮೀನು
ಎಂದು ನೋಡುತ್ತಿತ್ತು.